ಕಾರನ್ನು ತಳ್ಳುವ ಎರಡು ಬೋಲ್ಟುಗಳು



ಎತ್ತಿನ ಗಾಡಿಯನ್ನು ಎತ್ತುಗಳು ಎಳೆಯುತ್ತವೆ. ನೊಗದಿಂದ ಮೂಕಿಗೆ, ಮೂಕಿಯಿಂದ ಗಾಡಿಯ ಮೈಗೆ ಆ ಎಳೆತ ಹೋಗುತ್ತದೆ. ಗಾಲಿಗಳದ್ದು ಉರುಳುವ ಕೆಲಸ ಮಾತ್ರ. ಕಾರಿನದು ಹಾಗಲ್ಲ. ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುವ ಕಾರಿನಲ್ಲಿ ಆ ಗಾಲಿಗಳೇ ನೆಲವನ್ನು ಒದ್ದು ಇಡೀ ವಾಹನವನ್ನು ಮುಂದಕ್ಕೆ ತಳ್ಳಬೇಕು. ಆ ತಳ್ಳಾಟ ಕಾರಿನ ಮೈಗೆ ಯಾವ ಜಾಗದಿಂದ ತಲುಪುತ್ತದೆ ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ?

ಹಿಂದೆ ಪಟ್ಟಿಯ ಸ್ಪ್ರಿಂಗು ಇರುವ ಹಳೆಯ ಕಾರುಗಳಲ್ಲಿ ಅದು ತಲುಪುವುದು ಎರಡು ಬೋಲ್ಟುಗಳ ಮೂಲಕ. ಎಡಕ್ಕೊಂದು, ಬಲಕ್ಕೊಂದು. ಬೆರಳಿನಷ್ಟು ದಪ್ಪದ ಈ ಬೋಲ್ಟುಗಳನ್ನು ಬದಲಾಯಿಸುವುದು ಹೇಗೆ, ಹಾಗೆ ಬದಲಾಯಿಸುವಾಗ ಕಾರಿನ ಕೆಳಗೆ ಮಲಗಿದವನ ಜೀವ ಉಳಿಯುವುದು ಹೇಗೆ ಎನ್ನುವುದೇ ಇವತ್ತಿನ ಮಾತು.

ಉದಾಹರಣೆಗೆ ಒಂದು ಕಾರನ್ನು ಹಿಡಿದುಕೊಳ್ಳೋಣ. ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಒಂದು ಗ್ಯಾರೇಜಿನಿಂದ ಹುಟ್ಟಿದ ಹೆಸರು ಅದು. ಹತ್ತಿರದ ಆಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಕಾರುಗಳು ತಯಾರಾದವು. ಈಗ ನಮ್ಮ ರಸ್ತೆಗಳಲ್ಲಿ ಎಂಜಿ ಎಂಬ ಹೆಸರು ಹೊತ್ತು ಓಡುವ ಕಾರುಗಳಿಗೂ ಇದಕ್ಕೂ ಹೆಸರಿನ ನಂಟು ಮಾತ್ರ ಇದೆ. ನಿಜವಾದ ನಂಟು ಬೇಕಿದ್ದರೆ ನಮ್ಮ ಅಂಬಾಸಿಡರನ್ನು ನೋಡಿ. ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್, ಮೂಲದಲ್ಲಿ ಅದೇ ಮಾರಿಸ್ ಬಳಗದ ಆಕ್ಸ್‌ಫರ್ಡ್ ಎಂಬ ಕಾರು. ಎಂಜಿಬಿಯ 1798 ಸಿಸಿ ಎಂಜಿನ್ನೂ ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲು ಎಂಜಿನ್ನೂ ಒಂದೇ ವಂಶದವು. ಎರಡಕ್ಕೂ ಹಿಂದೆ ಪಟ್ಟಿಯ ಸ್ಪ್ರಿಂಗುಗಳೇ. ಹೀಗಾಗಿ ಅಂಬಾಸಿಡರಿನ ಹೊಟ್ಟೆಯ ಕೆಳಗೆ ಹೊರಳಾಡಿದ ನಮ್ಮ ಹಳ್ಳಿಯ ಮೇಸ್ತ್ರಿಗೆ ಎಂಜಿಬಿ ತೀರಾ ಪರದೇಶಿಯೇನಲ್ಲ. ಬೆಂಗಳೂರು, ಪುಣೆ, ಕೊಯಮತ್ತೂರಿನ ಗ್ಯಾರೇಜುಗಳಿಗೆ ಕೆಲಸಕ್ಕೆ ಹೋದ ನಮ್ಮ ಗಡಿಯ ಹುಡುಗರ ಕೈಗೆ ಇಂಥ ಹಳೆಯ ಕಾರುಗಳು ಬರುವುದೂ ಉಂಟು.

ಈ ಸ್ಪ್ರಿಂಗಿಗೆ ನಮ್ಮಲ್ಲಿ ಹೆಸರು ಹಲವು. ಸೊಲ್ಲಾಪುರ, ಜತ್ತದ ಕಡೆ ಪಾಟಾ ಎನ್ನುತ್ತಾರೆ. ಆದವಾನಿಯ ಕಡೆ ಕಮಾನುಕಟ್ಟ ಎನ್ನುತ್ತಾರೆ. ನಾನು ಇಲ್ಲಿ ಪಟ್ಟಿ ಎನ್ನುತ್ತೇನೆ, ನೀವು ನಿಮ್ಮ ಮಾತಿನಲ್ಲಿ ಕೇಳಿಸಿಕೊಳ್ಳಿ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಒಂದು ಬೋಲ್ಟು ತೂರಿಸಿ ಕಟ್ಟಿದ ಕಟ್ಟು ಅದು. ಎಲ್ಲಕ್ಕಿಂತ ಉದ್ದನೆಯ ಪಟ್ಟಿಯ ಎರಡೂ ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣಿನೊಳಗೆ ರಬ್ಬರಿನ ಬುಷ್, ಬುಷ್ಷಿನ ನಡುವೆ ಉಕ್ಕಿನ ಒಂದು ಕೊಳವೆ. ಆ ಕೊಳವೆಯ ಮೂಲಕ ಬೋಲ್ಟು ಹೊಕ್ಕು ಕಾರಿನ ಮೈಯ ಕವೆಗೆ ಬಿಗಿಯುತ್ತದೆ. ನಾನು ಮೊದಲು ಹೇಳಿದ ಬೋಲ್ಟು ಇದೇ. ಹಿಂದಿನ ಕಣ್ಣು ನೇರವಾಗಿ ಮೈಗೆ ಸೇರುವುದಿಲ್ಲ. ಗುಂಡಿಗೆ ಸಿಕ್ಕಾಗ ಬಿಲ್ಲು ನೇರವಾಗಿ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಬೇಕು. ಅದಕ್ಕಾಗಿ ಎರಡು ಕೀಲುಗಳಿರುವ, ಉಯ್ಯಾಲೆಯಂತೆ ಆಡುವ ಶ್ಯಾಕಲ್ಲನ್ನು ಅಲ್ಲಿ ಇಟ್ಟಿದ್ದಾರೆ. ಪಟ್ಟಿಯ ನಡುಭಾಗವನ್ನು ಯು ಆಕಾರದ ಬೋಲ್ಟುಗಳು ಹಿಂದಿನ ಆಕ್ಸಲ್ಲಿಗೆ ಕಟ್ಟಿ ಹಿಡಿಯುತ್ತವೆ.

ಪಟ್ಟಿ ಭಾರ ಹೊರುವುದಕ್ಕೆ ಇದೆ ಎಂದು ಎಲ್ಲರೂ ಬಲ್ಲರು. ಆದರೆ ಈ ಕಾರಿನಲ್ಲಿ ಆಕ್ಸಲ್ಲನ್ನು ಹಿಂದೆ ಮುಂದೆ ಸರಿಯದಂತೆ, ಅಡ್ಡಡ್ಡ ಜಾರದಂತೆ ಹಿಡಿದಿರುವುದೂ ಅದೇ ಪಟ್ಟಿ. ಬೇರೆ ಸರಳು, ತೋಳು ಏನೂ ಇಲ್ಲ. ಆಕ್ಸಲರೇಟರ್ ಒತ್ತಿದಾಗ ತಳ್ಳಾಟವೂ ಬ್ರೇಕ್ ತುಳಿದಾಗ ಹಿಂದಿನ ಗಾಲಿಯ ಎಳೆತವೂ ಪಟ್ಟಿಯ ಮುಂದಿನ ಅರ್ಧದಲ್ಲಿ ಹರಿದು ಆ ಒಂದು ಬೋಲ್ಟಿಗೆ ಬಂದು ನಿಲ್ಲುತ್ತದೆ. ಒಂದು ಕಡೆಯ ಬೋಲ್ಟು ಸವೆದು ಸಡಿಲವಾದರೆ ಆಕ್ಸಲ್ಲಿನ ಆ ತುದಿ ಹಿಂದೆ ಮುಂದೆ ಆಡತೊಡಗುತ್ತದೆ. ಅಂದರೆ ಹಿಂದಿನ ಗಾಲಿಗಳೇ ಸ್ಟಿಯರಿಂಗ್ ತಿರುಗಿಸಿದಂತೆ. ವೇಗದಲ್ಲಿ ತಿರುವು ತೆಗೆದುಕೊಳ್ಳುವಾಗ ಇದರ ಅರ್ಥವೇನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಸವೆತ ತಾನಾಗಿಯೇ ಸುಳಿವು ಕೊಡುತ್ತದೆ. ಕಾರು ಹೊರಡುವಾಗ ಒಂದು ಸಲ, ಬ್ರೇಕ್ ಹಾಕುವಾಗ ಒಂದು ಸಲ ಹಿಂದಿನಿಂದ ಟಕ್ಕೆಂದು ಸದ್ದು. ನೇರ ರಸ್ತೆಯಲ್ಲೂ ಬಾಲ ಅಲ್ಲಾಡಿಸಿದಂತೆ ನಡಿಗೆ. ಬಗ್ಗಿ ನೋಡಿದರೆ ಕವೆಯ ಸುತ್ತ ಕೆಂಪು ತುಕ್ಕಿನ ಪುಡಿ, ಇಲ್ಲವೇ ಉಜ್ಜಿ ಹೊಳೆಯುವ ಲೋಹ. ಬುಷ್ಷಿನ ರಬ್ಬರು ಹೂವಿನಂತೆ ಅರಳಿ ಹೊರಕ್ಕೆ ಬಂದಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಈ ಕೆಲಸದ ಉದ್ದಕ್ಕೂ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಭಾರ ಈಗ ಎಲ್ಲಿ ನಿಂತಿದೆ? ಎಂಜಿಬಿ ಸಣ್ಣ ಕಾರು ನಿಜ. ಆದರೂ ಅದರ ತೂಕ 900 ಕಿಲೋಗ್ರಾಮಿಗೆ ಮೇಲೆಯೇ. ಎದೆಯ ಮೇಲೆ ಬಿದ್ದರೆ ಅದರ ಕಾಲು ಭಾಗವೇ ಸಾಕು.

ಮೊದಲನೆಯ ಮಾತು ಹ್ಯಾಂಡ್‌ಬ್ರೇಕಿನದು. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಗೇರಿನಲ್ಲೂ ಇಟ್ಟಿದ್ದೇನೆ, ಇನ್ನೇನು ಭಯ ಎನ್ನುವವರು ಬಹಳ. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಗೇರು ತಡೆಯುವುದೂ ಹಿಂದಿನ ಗಾಲಿಗಳನ್ನೇ. ನೀವು ಎತ್ತುವುದೂ ಹಿಂದಿನ ಗಾಲಿಗಳನ್ನೇ! ಅವು ನೆಲ ಬಿಟ್ಟ ಕ್ಷಣದಿಂದ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ. ಮುಂದಿನ ಎರಡು ಗಾಲಿಗಳು ಸ್ವತಂತ್ರವಾಗಿ ಉರುಳಲು ಸಿದ್ಧವಾಗಿ ನಿಂತಿರುತ್ತವೆ. ಆದ್ದರಿಂದ ಜಾಕಿಗೆ ಕೈ ಹಾಕುವ ಮುಂಚೆ ಮುಂದಿನ ಎರಡೂ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಮರದ ತಡೆ ಕೊಡಿ. ಉರುಟು ಕಲ್ಲು ಬೇಡ, ಬೆಣೆಯ ಆಕಾರದ ಮರ ಬೇಕು.

ಎರಡನೆಯದು ನೆಲ. ಸಮತಟ್ಟಾದ ಸಿಮೆಂಟು ನೆಲ ಇದ್ದರೆ ಪುಣ್ಯ. ನಮ್ಮ ಕಡೆ ಎಲ್ಲೆಡೆ ಅದು ಸಿಗುವುದಿಲ್ಲ. ಎರೆಮಣ್ಣಿನ ಅಂಗಳ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಒಂದು ಮಳೆ ಬಿದ್ದರೆ ಬೆಣ್ಣೆ. ಅಂಥ ನೆಲದ ಮೇಲೆ ಸ್ಟ್ಯಾಂಡಿನ ಕಾಲುಗಳು ಒಂದೊಂದಾಗಿ ಹೂತು ಕಾರು ವಾಲುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ದಪ್ಪನೆಯ ಅಗಲವಾದ ಹಲಗೆ ಹಾಸಿ ಅದರ ಮೇಲೆ ಸ್ಟ್ಯಾಂಡ್ ಇಡಿ.

ಮೂರನೆಯದೇ ಮುಖ್ಯ. ಜಾಕಿ ಇರುವುದು ಎತ್ತುವುದಕ್ಕೆ, ಹಿಡಿದುಕೊಂಡಿರುವುದಕ್ಕಲ್ಲ. ಎಣ್ಣೆಯ ಜಾಕಿಯೊಳಗಿನ ಒಂದು ರಬ್ಬರು ಬಳೆ ಸೋತರೆ ಕಾರು ಸದ್ದಿಲ್ಲದೆ ಇಳಿದುಬಿಡುತ್ತದೆ. ಜಾಕಿಯಿಂದ ಎತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಸ್ಟ್ಯಾಂಡ್ ಇಲ್ಲವೆಂದು ಕಾಸರಗೋಡಿನ ಕಡೆ ಮುರಕಲ್ಲು, ಹೊಸೂರಿನ ಕಡೆ ಸಿಮೆಂಟು ಇಟ್ಟಿಗೆ ಪೇರಿಸುವುದನ್ನು ಕಾಣುತ್ತೇವೆ. ಗೋಡೆಗೆ ಅವು ಒಳ್ಳೆಯವು. ಗೋಡೆಯ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಕಾರಿನ ಭಾರ ಒಂದು ಅಂಚಿನ ಮೇಲೆ, ಒಂದು ಬಿಂದುವಿನ ಮೇಲೆ ಬೀಳುತ್ತದೆ. ಆಗ ಕಲ್ಲು ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಸಿಡಿದು ಎರಡಾಗುತ್ತದೆ. ಎರಡು ಒಳ್ಳೆಯ ಸ್ಟ್ಯಾಂಡಿನ ಬೆಲೆ ಆಸ್ಪತ್ರೆಯ ಒಂದು ದಿನದ ಖರ್ಚಿಗೂ ಸಮವಲ್ಲ.

ಗಾಲಿಯ ನಟ್ಟುಗಳನ್ನೂ ಕೈಗೆ ಎಟಕುವ ಸ್ಪ್ರಿಂಗಿನ ನಟ್ಟುಗಳನ್ನೂ ಕಾರು ಇನ್ನೂ ನೆಲದ ಮೇಲೆ ಇರುವಾಗಲೇ ಕಾಲು ಸುತ್ತಿನಷ್ಟು ಸಡಿಲಿಸಿಕೊಳ್ಳಿ. ತುಕ್ಕು ಹಿಡಿದ ನಟ್ಟಿಗೆ ಉದ್ದನೆಯ ಹಿಡಿಕೆ ಹಾಕಿ ಜಗ್ಗುವುದು ಸ್ಟ್ಯಾಂಡಿನ ಮೇಲೆ ನಿಂತ ಕಾರನ್ನು ಬೀಳಿಸುವ ಸುಲಭದ ದಾರಿ. ಆಮೇಲೆ ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಗುಂಡಿಗೆ ಮರದ ತುಂಡು ಕೊಟ್ಟು ಜಾಕಿಯಿಂದ ಎತ್ತಿ. ಸ್ಟ್ಯಾಂಡುಗಳನ್ನು ಇಡುವ ಜಾಗ ಆಕ್ಸಲ್ಲಿನ ಕೆಳಗಲ್ಲ. ಪಟ್ಟಿಯ ಮುಂದಿನ ಕವೆಗಿಂತ ಸ್ವಲ್ಪ ಮುಂದೆ, ಮೈಯ ಗಟ್ಟಿಯಾದ ತೊಲೆಯ ಕೆಳಗೆ. ಆಕ್ಸಲ್ಲು ಏರಿಳಿಯಬೇಕು, ಮೈ ಕದಲಬಾರದು, ಅದಕ್ಕೆ ಹೀಗೆ. ಗಾಲಿಗಳನ್ನು ಕಳಚಿ ಅವನ್ನೂ ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡು ಜಾರಿದರೂ ಕಾರು ಗಾಲಿಯ ಮೇಲೆ ನಿಲ್ಲುತ್ತದೆ, ನಿಮ್ಮ ಮೇಲಲ್ಲ. ಕೆಳಗೆ ನುಗ್ಗುವ ಮುಂಚೆ ಹೊರಗೆ ನಿಂತೇ ಕಾರಿನ ಮೈಯನ್ನು ಕೈಯಿಂದ ಅತ್ತಿತ್ತ ತಳ್ಳಿ ನೋಡಿ. ಅಲುಗಿದರೆ ಮೊದಲಿನಿಂದ ಶುರು ಮಾಡಿ. ಕಣ್ಣಿಗೆ ಕನ್ನಡಕ ಇರಲಿ, ಅರ್ಧ ಶತಮಾನದ ತುಕ್ಕು ಮುಖದ ಮೇಲೆಯೇ ಉದುರುತ್ತದೆ.

ಒಮ್ಮೆಗೆ ಒಂದೇ ಕಡೆ ಬಿಚ್ಚಿ. ಇನ್ನೊಂದು ಕಡೆಯ ಪಟ್ಟಿ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿರುತ್ತದೆ.

ಈಗ ಭಾರ ಎಲ್ಲಿದೆ? ಮೈಯ ಭಾರ ಸ್ಟ್ಯಾಂಡಿನ ಮೇಲಿದೆ. ಆಕ್ಸಲ್ಲಿನ ಭಾರ ಪಟ್ಟಿಗೆ ಜೋತು ಬಿದ್ದಿದೆ. ಜೊತೆಗೆ ಆಕ್ಸಲ್ಲು ತೀರಾ ಕೆಳಗೆ ಹೋಗದಂತೆ ಎಂಜಿಬಿಯಲ್ಲಿ ಕ್ಯಾನ್ವಾಸು ರಬ್ಬರಿನ ಒಂದು ಪಟ್ಟೆ ಇದೆ. ಅದು ತಡೆದಿರುವುದರಿಂದ ಪಟ್ಟಿ ಪೂರ್ತಿ ಸಡಿಲವಾಗಿರುವುದಿಲ್ಲ, ಸ್ವಲ್ಪ ಬಿಗಿ ಒಳಗೇ ಉಳಿದಿರುತ್ತದೆ. ಈ ಸ್ಥಿತಿಯಲ್ಲಿ ಬೋಲ್ಟು ಎಳೆದರೆ ಪಟ್ಟಿ ಚಿಮ್ಮಿ ಕೈಗೋ ಮುಖಕ್ಕೋ ಬಡಿಯುತ್ತದೆ. ಅದಕ್ಕೇ ಜಾಕಿಯನ್ನು ಆಕ್ಸಲ್ಲಿನ ಕೆಳಗೆ ತಂದು ಮೆಲ್ಲಗೆ ತಾಗಿಸಿ, ಆಕ್ಸಲ್ಲಿನ ಭಾರ ಜಾಕಿಗೆ ಬರಲಿ. ಷಾಕ್ ಅಬ್ಸಾರ್ಬರಿನ ಕೊಂಡಿ ಕಳಚಿ, ಆ ಪಟ್ಟೆಯನ್ನೂ ಕಳಚಿ. ಆಮೇಲೆ ಜಾಕಿಯನ್ನು ಅಂಗುಲ ಅಂಗುಲವಾಗಿ ಇಳಿಸಿ, ಪಟ್ಟಿ ಮೇಲಕ್ಕೂ ಕೆಳಕ್ಕೂ ಒತ್ತದೆ ನಿಲ್ಲುವ ಜಾಗ ಹುಡುಕಿ. ಇಳಿಸುವಾಗ ಬ್ರೇಕಿನ ರಬ್ಬರು ಕೊಳವೆಯ ಮೇಲೆ ಒಂದು ಕಣ್ಣಿರಲಿ. ಅದು ಬಿಗಿದು ನಿಂತಿತೆಂದರೆ ಅಲ್ಲಿಗೇ ನಿಲ್ಲಿಸಿ. ಒಳಗೆ ಹರಿದ ಕೊಳವೆ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಬ್ರೇಕು ಕೈಕೊಟ್ಟ ದಿನವೇ ಗೊತ್ತಾಗುವುದು.

ಯು ಬೋಲ್ಟಿನ ನಟ್ಟುಗಳು, ಆಮೇಲೆ ಹಿಂದಿನ ಶ್ಯಾಕಲ್ಲು, ಕೊನೆಗೆ ಮುಂದಿನ ಬೋಲ್ಟು. ಮೊದಲಿನ ಎರಡು ಸಾಮಾನ್ಯವಾಗಿ ಬರುತ್ತವೆ. ಹಠ ಹಿಡಿಯುವುದು ಮುಂದಿನ ಬೋಲ್ಟು. ನಟ್ಟು ಸುಲಭವಾಗಿ ಬಿಚ್ಚಿರುತ್ತದೆ, ಬೋಲ್ಟು ಮಾತ್ರ ಅಲುಗುವುದಿಲ್ಲ. ಬೋಲ್ಟೂ ಬುಷ್ಷಿನ ಒಳಗಿನ ಕೊಳವೆಯೂ ತುಕ್ಕಿನಿಂದ ಒಂದಾಗಿಬಿಟ್ಟಿರುತ್ತವೆ. ಸುತ್ತಿಗೆಯಿಂದ ಹೊಡೆದರೆ? ಪ್ರತಿ ಪೆಟ್ಟನ್ನೂ ಸುತ್ತಲಿನ ರಬ್ಬರು ನುಂಗಿ ಹಾಕುತ್ತದೆ. ದಿಂಬಿಗೆ ಗುದ್ದಿದ ಹಾಗೆ. ನಿಮಗೆ ಸುಸ್ತು, ಬೋಲ್ಟಿನ ತಲೆ ಚಪ್ಪಟೆ, ಅಷ್ಟೇ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೋಲ್ಟನ್ನು ಹೊಡೆಯುವ ಬದಲು ತಿರುಗಿಸಲು ನೋಡಿ. ಆಗಲೂ ಬಗ್ಗದಿದ್ದರೆ ಕವೆಗೂ ಬುಷ್ಷಿಗೂ ನಡುವಿನ ಸಂದಿಯಲ್ಲಿ ಗರಗಸದ ಅಲಗು ತೂರಿಸಿ, ಎರಡೂ ಪಕ್ಕ ಬೋಲ್ಟನ್ನು ಕೊಯ್ದು ತೆಗೆಯುವುದೇ ಮರ್ಯಾದೆ. ಹೇಗೂ ಬೋಲ್ಟೂ ಬುಷ್ಷೂ ಹೊಸದು ಬರುತ್ತವೆ. ನಿಧಾನದ ಕೆಲಸ, ಆದರೆ ಕವೆ ಉಳಿಯುತ್ತದೆ.

ಬೆಂಕಿಯ ಆಸೆ ಬೇಡ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿದರೆ ಎಂಥ ಬೋಲ್ಟೂ ಬರುತ್ತದೆ ಎನ್ನುವ ಮೇಸ್ತ್ರಿಗಳಿದ್ದಾರೆ. ಎಂಜಿಬಿಯ ಪೆಟ್ರೋಲು ಟ್ಯಾಂಕು ಡಿಕ್ಕಿಯ ತಳದಲ್ಲೇ ಇದೆ, ಪೆಟ್ರೋಲಿನ ಪಂಪೂ ಕಾರಿನ ಹಿಂಭಾಗದಲ್ಲೇ ಇದೆ. ಕಿಡಿ ಹಾರಿಸುವ ಗ್ರೈಂಡರಿಗೂ ಇದೇ ಮಾತು. ಜೊತೆಗೆ ಕೆಂಪಗೆ ಕಾದ ಪಟ್ಟಿ ತನ್ನ ಹದ ಕಳೆದುಕೊಳ್ಳುತ್ತದೆ, ಮುಂದೆ ಒಂದು ದಿನ ಅದೇ ಜಾಗದಲ್ಲಿ ಮುರಿಯುತ್ತದೆ. ಸೀಟಿನ ಹಿಂದೆ ಇರುವ ಬ್ಯಾಟರಿಯ ತಂತಿಯನ್ನು ಕೆಲಸಕ್ಕೆ ಮುಂಚೆ ಕಳಚಿಡುವುದು ಒಳ್ಳೆಯದು. 1974ರವರೆಗಿನ ಎಂಜಿಬಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳಿವೆ ಎನ್ನುವುದು ನೆನಪಿರಲಿ.

ಬೋಲ್ಟು ಹೊರಬಂದ ಮೇಲೆ ಹೊಸದನ್ನು ತೂರಿಸುವ ಅವಸರ ಬೇಡ. ಟಾರ್ಚು ಹಿಡಿದು ಕವೆಯನ್ನು ನೋಡಿ. ಲಾರಿಗೆ ಇರುವಂತೆ ಎಂಜಿಬಿಗೆ ಬೇರೆ ಚಾಸಿಯಿಲ್ಲ, ತಗಡಿನ ಮೈಯೇ ಅದರ ಬೆನ್ನೆಲುಬು. ಬಾಗಿಲಿನ ಕೆಳಗಿನ ಪೊಳ್ಳು ತೊಲೆಗಳಲ್ಲಿ ನೀರು ನಿಂತು ತುಕ್ಕು ಹಿಡಿಯುವುದು ಈ ಕಾರಿನ ಹುಟ್ಟುಗುಣ, ಮುಂದಿನ ಕವೆ ಇರುವುದು ಆ ತೊಲೆಯ ಹಿಂದಿನ ತುದಿಯ ಆಸುಪಾಸಿನಲ್ಲೇ. ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ತಗಡು ಒಳಕ್ಕೆ ಹೋಯಿತೋ, ಅಲ್ಲಿಗೆ ಹೊಸ ಬೋಲ್ಟಿನ ಮಾತು ಮುಗಿಯಿತು, ಮೊದಲು ತಗಡಿನ ಕೆಲಸ. ಬೋಲ್ಟಿನ ತೂತು ಮೊಟ್ಟೆಯಂತೆ ಉದ್ದವಾಗಿದ್ದರೂ ಅಷ್ಟೇ.

ಹೊಸ ಬೋಲ್ಟಿನ ವಿಷಯದಲ್ಲಿ ನಮ್ಮವರು ಮಾಡುವ ಜಿಪುಣತನ ನನಗೆ ಅರ್ಥವಾಗುವುದಿಲ್ಲ. ಲಕ್ಷಾಂತರ ರೂಪಾಯಿಯ ಕಾರಿಗೆ ಕಬ್ಬಿಣದಂಗಡಿಯಲ್ಲಿ ತೂಕಕ್ಕೆ ಮಾರುವ ಮೆದು ಬೋಲ್ಟು! ಎಂಜಿಬಿಯ ಬೋಲ್ಟುಗಳು ಇಂಚಿನ ಲೆಕ್ಕದವು, ನಮ್ಮ ಅಂಗಡಿಯವು ಮಿಲಿಮೀಟರಿನವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಅಂಥ ತೂತಿಗೆ 12 ಮಿಲಿಮೀಟರಿನ ಬೋಲ್ಟು ಹಾಕಿದರೆ ಸುಮಾರು ಮುಕ್ಕಾಲು ಮಿಲಿಮೀಟರು ಸಂದಿ ಉಳಿಯಿತು. ಹೊರಡುವಾಗೊಮ್ಮೆ, ಬ್ರೇಕಿಗೊಮ್ಮೆ ಬೋಲ್ಟು ಆ ಸಂದಿಯಲ್ಲಿ ಕುಟ್ಟುತ್ತಾ ಕವೆಯನ್ನು ತಿನ್ನುತ್ತದೆ. ಗಟ್ಟಿತನದ ಗುರುತು ಬೋಲ್ಟಿನ ತಲೆಯ ಮೇಲೆ ಇರುತ್ತದೆ. ಇಂಚಿನ ಬೋಲ್ಟಿಗೆ ಮೂರು ಗೆರೆ, ಮಿಲಿಮೀಟರಿನದಕ್ಕೆ 8.8 ಎಂಬ ಅಂಕಿ ಇದ್ದರೆ ಅದು ಹದವಾದ ಉಕ್ಕು. ಗುರುತೇ ಇಲ್ಲದ ತಲೆಯನ್ನು ನಂಬಬೇಡಿ. ಇನ್ನೊಂದು ಸೂಕ್ಷ್ಮ: ಕವೆಯ ತಗಡಿನೊಳಗೆ ಕೂರುವುದು ಬೋಲ್ಟಿನ ನುಣುಪಾದ ಭಾಗವಾಗಿರಬೇಕು, ಮರೆಯ ಭಾಗವಲ್ಲ. ಮರೆಯ ಹಲ್ಲುಗಳು ಗರಗಸದಂತೆ ತೂತನ್ನು ಕೊರೆಯುತ್ತವೆ, ಬೋಲ್ಟು ತುಂಡಾಗುವುದೂ ಮರೆಯ ಬುಡದಲ್ಲೇ. ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಒಂದೇ ಸಲ ಬಳಸಬೇಕು. ಯು ಬೋಲ್ಟುಗಳೂ ಹೊಸವೇ ಇರಲಿ, ಹಳೆಯವು ಎಳೆದು ನೀಳವಾಗಿರುತ್ತವೆ. ಪಟ್ಟಿಯನ್ನೇ ಬದಲಾಯಿಸುವುದಾದರೆ ಎರಡೂ ಕಡೆಯದು ಜೋಡಿಯಾಗಿ ಬದಲಾಗಲಿ. 1974ರಲ್ಲಿ ಈ ಕಾರಿನ ಎತ್ತರ ಹೆಚ್ಚಿತು, ಕೊಳ್ಳುವಾಗ ವರ್ಷ ಹೇಳಿ ಕೊಳ್ಳಿ.

ಗ್ರೀಸಿನ ವಿಷಯದಲ್ಲಿ ಲಾರಿಯಲ್ಲಿ ಕಲಿತವರು ಇಲ್ಲಿ ಎಡವುತ್ತಾರೆ. ಲಾರಿಯ ಪಟ್ಟಿಯ ಕಣ್ಣಿನಲ್ಲಿ ಲೋಹದ ಬುಷ್ ಇರುತ್ತದೆ, ಪಿನ್ನಿನ ಮೇಲೆ ಅದು ತಿರುಗುತ್ತದೆ, ಅದಕ್ಕೆ ಗ್ರೀಸೇ ಪ್ರಾಣ. ಎಂಜಿಬಿಯದು ರಬ್ಬರು ಬುಷ್. ಇಲ್ಲಿ ಯಾವುದೂ ಯಾವುದರ ಮೇಲೂ ತಿರುಗುವುದಿಲ್ಲ. ಬೋಲ್ಟು ಒಳಗಿನ ಕೊಳವೆಯನ್ನು ಕವೆಗಳ ನಡುವೆ ಒತ್ತಿ ಹಿಡಿದು ನಿಲ್ಲಿಸಿರುತ್ತದೆ, ಹೊರಗಿನ ಕಣ್ಣು ಪಟ್ಟಿಯ ಜೊತೆ ಆಡುತ್ತದೆ, ನಡುವಿನ ರಬ್ಬರು ತಾನೇ ತಿರುಚಿಕೊಂಡು ಆ ಆಟವನ್ನು ತಾಳಿಕೊಳ್ಳುತ್ತದೆ. ಗ್ರೀಸು, ಎಂಜಿನ್ ಆಯಿಲ್ ತಗಲಿದರೆ ರಬ್ಬರು ಉಬ್ಬಿ ಕೊಳೆಯುತ್ತದೆ. ಶ್ಯಾಕಲ್ಲಿನ ರಬ್ಬರು ಸುಲಭವಾಗಿ ಹೋಗಲೆಂದರೆ ಸಾಬೂನು ನೀರು ಸಾಕು. ಬೋಲ್ಟಿನ ನುಣುಪು ಭಾಗಕ್ಕೆ ಮಾತ್ರ ತುಕ್ಕು ತಡೆಯುವ ಲೇಪ ತೆಳ್ಳಗೆ ಸವರಿ, ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ಹರಸಲಿ.

ಜೋಡಿಸುವಾಗ ಪಟ್ಟಿಯ ನಡುಬೋಲ್ಟಿನ ತಲೆ ಅದಕ್ಕೆಂದೇ ಇರುವ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಅದು ಅಂಚಿನ ಮೇಲೆ ಕೂತರೆ ಆಕ್ಸಲ್ಲು ಓರೆಯಾಗಿ, ಕಾರು ಏಡಿಯಂತೆ ಪಕ್ಕಕ್ಕೆ ನಡೆಯುತ್ತದೆ. ಯು ಬೋಲ್ಟುಗಳ ನಾಲ್ಕು ನಟ್ಟುಗಳನ್ನು ಎದುರು ಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಮುಂದಿನ ಬೋಲ್ಟು ಮತ್ತು ಶ್ಯಾಕಲ್ಲಿನ ನಟ್ಟುಗಳನ್ನು ಮಾತ್ರ ಕೈಬಿಗಿಯಲ್ಲಿ ಬಿಡಿ, ಪೂರ್ತಿ ಬಿಗಿಯಬೇಡಿ.

ಯಾಕೆ? ಆಕ್ಸಲ್ಲು ಜೋತಾಡುವಾಗ ಬಿಗಿದರೆ ರಬ್ಬರಿಗೆ ಅದೇ ತನ್ನ ವಿಶ್ರಾಂತಿಯ ಜಾಗವಾಗುತ್ತದೆ. ಕಾರು ನೆಲಕ್ಕಿಳಿದು ಪಟ್ಟಿ ನೇರವಾದಾಗ ರಬ್ಬರು ತಿರುಚಿಕೊಳ್ಳುತ್ತದೆ, ನಿಂತ ಕಾರಿನಲ್ಲೂ ಹಾಗೇ ತಿರುಚಿಕೊಂಡೇ ಇರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಹಿಡಿದು, ಆಮೇಲೆ ಅದನ್ನೇ ಇನ್ನಷ್ಟು ಹಿಂಡಿದಂತೆ. ಗುಂಡಿಗೆ ಬಿದ್ದಾಗಲೆಲ್ಲ ಅದು ತಾಳುವ ಮಿತಿ ದಾಟಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ಷು ಬೇಗ ಹೋಯಿತು, ಮಾಲು ಸರಿಯಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ತಪ್ಪು ಬಿಗಿತವೇ. ಆದ್ದರಿಂದ ಮೊದಲು ಕಾರಿನ ಭಾರ ಪಟ್ಟಿಯ ಮೇಲೆ ಬರಲಿ. ಆಕ್ಸಲ್ಲನ್ನು ಎತ್ತಿ, ಸ್ಟ್ಯಾಂಡುಗಳನ್ನು ಈಗ ಆಕ್ಸಲ್ಲಿನ ಕೆಳಗೆ, ಪಟ್ಟಿ ಕೂರುವ ಜಾಗದ ಪಕ್ಕದಲ್ಲಿ ಇಟ್ಟು ಇಳಿಸಿದರೆ ಗಾಲಿ ನೆಲದ ಮೇಲೆ ಇದ್ದಂತೆಯೇ ಆಯಿತು, ಕೈಯಾಡಿಸಲು ಜಾಗವೂ ಸಿಕ್ಕಿತು. ಮುಂದಿನ ಗಾಲಿಯ ತಡೆ ಹಾಗೇ ಇರಲಿ. ಹಿಂಭಾಗವನ್ನು ಎರಡು ಸಲ ಮೆಲ್ಲಗೆ ಅದುಮಿ ಬಿಟ್ಟು, ಅದು ತನ್ನ ಎತ್ತರಕ್ಕೆ ನಿಂತ ಮೇಲೆ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಿರಿ.

ಷಾಕ್ ಅಬ್ಸಾರ್ಬರಿನ ಕೊಂಡಿ, ಕ್ಯಾನ್ವಾಸು ಪಟ್ಟೆ, ಗಾಲಿಗಳು ಎಲ್ಲ ತಮ್ಮ ಜಾಗಕ್ಕೆ ಬಂದವೇ ನೋಡಿ. ನೂರಿನ್ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟಿನ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರು ಕೊಡಿ. ಪಟ್ಟಿಗಳ ನಡುವಿನ ಬಣ್ಣ, ತುಕ್ಕು ಒತ್ತಿ ತೆಳುವಾಗಿ ನಟ್ಟು ಕಾಲು ಸುತ್ತಾದರೂ ತಿರುಗುವುದುಂಟು. ಬಿಚ್ಚಿದ ಹಳೆಯ ಬೋಲ್ಟನ್ನು ಅಲ್ಲಿಯವರೆಗೆ ಎಸೆಯಬೇಡಿ. ಬೆರಳಾಡಿಸಿ ನೋಡಿದರೆ ಅದರ ಯಾವ ಪಕ್ಕ ತಗ್ಗು ಬಿದ್ದಿದೆ ಎಂದು ಸಿಗುತ್ತದೆ. ಕವೆಯಲ್ಲೂ ಅದೇ ಪಕ್ಕವನ್ನು ಇನ್ನೊಮ್ಮೆ ಟಾರ್ಚು ಹಿಡಿದು ನೋಡಿ.